ಕಣ್ಣಿನೊಳಗಿನ ಪುಟ್ಟ ಹುಡುಗಿ

ನಮ್ಮ ಬೀದಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದವರು ಔಷಧಿಯಿಲ್ಲದೆ ಬಂದರೂ ಬಂದಾರು, ಆ ಒಂದು ಪದ ಕೇಳದೆ ಬರುವ ಹಾಗಿಲ್ಲ. ಟಾರ್ಚು ಹಿಡಿದು ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, "ಕಣ್ಣಿನ ನಡುವೆ ಈ ಕಪ್ಪು ಪಾಪೆ ಇದೆಯಲ್ಲಾ, ಸಂಸ್ಕೃತದಲ್ಲಿ ಇದಕ್ಕೆ ಕನೀನಿಕಾ ಅಂತಾರೆ. ಅಂದ್ರೆ ಪುಟ್ಟ ಹುಡುಗಿ. ಯಾಕೆ ಹೇಳಿ?" ಎನ್ನುತ್ತಾರೆ. ಕಣ್ಣು ಉರಿಯುತ್ತಿರುವವನು ಔಷಧಿ ಚೀಟಿಗೆ ಕೈ ಚಾಚುತ್ತಾನೆ. ಉತ್ತರವನ್ನೂ ಡಾಕ್ಟರರೇ ಹೇಳುತ್ತಾರೆ: "ಎದುರಿಗೆ ಕೂತವರ ರೂಪ ಅದರಲ್ಲಿ ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತೆ. ಅಷ್ಟು ಹತ್ತಿರ ಹೋಗಿ ನೋಡಿದವರೇ ಈ ಹೆಸರಿಟ್ಟಿರಬೇಕು!" ಹೊರಗೆ ಬೆಂಚು ತುಂಬಿ ನರ್ಸಮ್ಮ ಹಲ್ಲು ಕಡಿಯುತ್ತಿದ್ದರೂ ಇವರಿಗೆ ಪರಿವೆಯಿಲ್ಲ. ಜಗಳವಾಡುತ್ತಲೇ ಒಳಬಂದ ಗಂಡಹೆಂಡಿರನ್ನು ಎದುರುಬದುರು ಕೂರಿಸಿ, "ಒಬ್ಬರ ಕಣ್ಣಲ್ಲಿ ಒಬ್ಬರಿದ್ದೀರಾ, ಮೊದಲು ನೋಡ್ಕೊಳ್ಳಿ" ಎಂದು ಗದರಿದ್ದೂ ಉಂಟು. ಊರಿನ ಅರ್ಧ ಜನರ ಪೊರೆ ತೆಗೆದ ಈ ಕೈಗೆ ಹೆತ್ತ ತಾಯಿಯ ದೃಷ್ಟಿ ಉಳಿಸಿಕೊಳ್ಳಲಾಗಲಿಲ್ಲ. ಈಗಲೂ ದಿನಾ ಬೆಳಿಗ್ಗೆ ನೋವಿಗೆ ಹನಿ ಹಾಕಲು ಕೂತಾಗ ಆಕೆ ಕಣ್ಣರಳಿಸಿ, "ನೋಡೋ, ಒಳಗೆ ಇದ್ದೀಯಾ?" ಎಂದು ಕೇಳುತ್ತಾರೆ. ತಲೆಯೆಲ್ಲ ನರೆತ ಡಾಕ್ಟರರು ಆ ಕಾಣದ ಕಣ್ಣಿನ ಹತ್ತಿರಕ್ಕೆ ಬಗ್ಗುತ್ತಾರೆ. "ಇದ್ದೀನಮ್ಮಾ, ಚಿಕ್ಕವನಾಗೇ ಇದ್ದೀನಿ."