ನ್ಯಾಮತಿ ನರ್ಸಮ್ಮನ ಬಾಂಬೆ ಟ್ರಾನ್ಸ್‌ಫಾರ್ಮರ್

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಚನ್ನಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೊನ್ನಾಳಿಯವರನ್ನು ದಾವಣಗೆರೆಗೂ ದಾವಣಗೆರೆಯವರನ್ನು ಜಗಳೂರಿಗೂ ಜೋಡಿಸಿಕೊಡುವುದು ಹೊಟ್ಟೆಪಾಡಿನ ಕೆಲಸ. ಸಂಜೆ ಮನೆಗೆ ಬಂದು ಮುಖ ತೊಳೆದು ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ಅದು ನನ್ನ ಸ್ವಂತ ಕೆಲಸ. ಎಡಗೈಯಲ್ಲಿ ಉಕ್ಕಿನ ಕಂಬಿ ಹಿಡಿದು ತಂತಿಗಳ ಮೇಲೆ ಜಾರಿಸುತ್ತ ಬಲಗೈಯಲ್ಲಿ ಮೀಟುವ ಈ ವಾದ್ಯವನ್ನು ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಕಲಿತಿದ್ದೆ. ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಗಿಟಾರ್ ನುಡಿಸುವ ಹೆಂಗಸು ನಾನೊಬ್ಬಳೇ ಎಂದು ಜನ ಹೇಳುತ್ತಿದ್ದರು. ಮದುವೆಗೆ ಮನೆಮನೆಗೆ ಹೋಗಿ ಕರೆಯುವವರು, "ಮೇಡಮ್ಮೋರ ಗಿಟಾರೂ ಇರತೈತೆ" ಎಂದು ಸೇರಿಸುತ್ತಿದ್ದರು. ಆ ಮಾತು ನನಗೆ ಎಷ್ಟು ಬೇಕಾಗಿತ್ತೆಂದು ಗೊತ್ತಾದದ್ದು ಅದರಲ್ಲಿ ಇನ್ನೊಬ್ಬಳು ಪಾಲಿಗೆ ಬಂದಮೇಲೆ.

ನಮ್ಮ ಯಜಮಾನರದು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿ. ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಿದ್ದರು. ನನ್ನ ಗಿಟಾರಿನ ದನಿ ದೊಡ್ಡದು ಮಾಡುವ ವಾಲ್ವ್ ಆಂಪ್ಲಿಫೈಯರನ್ನು ಅವರೇ ಕಟ್ಟಿದ್ದರು. ನೋಡಲು ಬ್ರೆಡ್ಡಿನ ಡಬ್ಬಿಯ ಹಾಗಿತ್ತು, ಆದರೆ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಂಗಡಿಗೆ ಬುತ್ತಿ ತಂದಿದ್ದಾಗ ಹುಬ್ಬಳ್ಳಿ ಕಡೆಯ ಏಜೆಂಟನೊಬ್ಬ ಬಂದ. ಬಿಳಿ ಪ್ಯಾಂಟು, ಕೈಯಲ್ಲಿ ಸೂಟ್‌ಕೇಸು. ಅದರೊಳಗೆ ಕೆಂಪು ಮಖಮಲ್ಲಿನ ಮೇಲೆ ನೀಲಿ ಬಣ್ಣ ಬಳಿದ ಒಂದು ತಗಡಿನ ಡಬ್ಬಿ ಕುಳಿತಿತ್ತು, ಒಡವೆಯಂತೆ.

"ಇದು ಬರೇ ಟ್ರಾನ್ಸ್‌ಫಾರ್ಮರ್ ಅಲ್ಲರಿ ಸಾಹೇಬ್ರ, ನಾದದ ಗುಂಡಿಗಿ" ಎಂದ. "ಒಳಗಿನ ತಂತಿ ಬಾಂಬೆದಾಗ ಸುತ್ತಿದ್ದು. ಮೊದಲಿಂದ ಕಡೀತನಕ ಒಬ್ಬನ ಕೈಯಾಗ ಸುತ್ತಬೇಕು, ನಡುವ ಕೈ ಬದಲಾತು ಅಂದ್ರ ಸ್ವರ ಒಡೀತೈತಿ. ಗಿಟಾರಿಗಂತನ ಮಾಡಿದ್ದು. ಹಚ್ಚಿದ ಮ್ಯಾಲೆ ದಿನಾ ನುಡಿಸ್ರಿ, ಹಣ್ಣಾದಂಗ ಹಣ್ಣಾಗಿ ಸಿಹಿ ಬಿಡತೈತಿ."

ಯಜಮಾನರು ಅನ್ನ ಕಲಸುತ್ತಲೇ ಕೇಳಿದರು. "ಸುತ್ತಿದ್ದು ಯಾರ ಕೈ ಅಂತ ಕರೆಂಟಿಗೆ ಹೆಂಗೆ ಗೊತ್ತಾಗತೈತ್ರೀ? ಆಂಪ್ಲಿಫೈಯರಿನಾಗೆ ವಾಲ್ವಿಂದ ಬಂದಿದ್ದನ್ನ ಸ್ಪೀಕರಿಗೆ ಹೊಂದಿಸಿ ಕೊಡೋದು ಇದರ ಕೆಲಸ. ತಂತಿ ಸರಿಯಾಗಿದ್ರೆ ಆತು."

ನನಗೆ ನಗು ತಡೆಯಲಾಗಲಿಲ್ಲ. "ಮಾವಿನಹಣ್ಣಾ ಇದು, ಮಾಗಾಕೆ?" ಎಂದೆ. ಏಜೆಂಟ ಬೇಜಾರು ಮಾಡಿಕೊಳ್ಳಲಿಲ್ಲ. ಸೂಟ್‌ಕೇಸು ಮುಚ್ಚಿಕೊಂಡು ಹೊನ್ನಾಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಹೋದ. ಆ ಸಂಜೆ ಮನೆಯಲ್ಲಿ ಗುಂಡಿಗಿ ಗುಂಡಿಗಿ ಎಂದು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆ ವರ್ಷದ ಗಣಪತಿ ಹಬ್ಬಕ್ಕೆ ಹೊನ್ನಾಳಿಯ ಪೆಂಡಾಲಿಗೆ ನಮ್ಮ ಮೈಕ್ ಸೆಟ್ ಹೋಗಿತ್ತು. ನಾನೂ ಸುಮ್ಮನೆ ಜೊತೆಗೆ ಹೋದೆ. ವೇದಿಕೆಯ ಮೇಲೆ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಗಿಟಾರ್ ಮಲಗಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿದ್ದವರನ್ನು ಕೇಳಿದರೆ, "ನ್ಯಾಮತಿ ಆಸ್ಪತ್ರೆ ನರ್ಸಮ್ಮ" ಎಂದರು. ಅವಳು ಒಂದು ಭಾವಗೀತೆ ಎತ್ತಿಕೊಂಡಳು. ಕಂಬಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸ್ವಲ್ಪ ತಡೆದು, ಅಳು ನುಂಗಿಕೊಂಡವರ ದನಿಯಂತೆ, ಆಮೇಲೆ ತಲುಪುತ್ತಿತ್ತು. ಬೆಲ್ಲದ ಉಂಡೆ ಮಾರುತ್ತಿದ್ದವನೂ ತಕ್ಕಡಿ ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟುವಾಗ ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ಚಪ್ಪಾಳೆ ನಿಂತಮೇಲೆ ವೇದಿಕೆಯ ಹಿಂದೆ ಹೋಗಿ ಮಾತಾಡಿಸಿದೆ. ಅವಳಿಗೆ ನಾನು ಯಾರೆಂದು ಗೊತ್ತಿತ್ತು.

"ಅಕ್ಕಾ, ನೀವು ಬಂದಿದ್ರಾ! ಮೊದ್ಲೇ ಗೊತ್ತಾಗಿದ್ರೆ ನಂಗೆ ಕೈಯೇ ಓಡ್ತಿರಲಿಲ್ಲ."

"ಚೆನ್ನಾಗಿ ನುಡಿಸ್ತೀಯಮ್ಮ" ಎಂದೆ.

"ನಂದೇನೈತಕ್ಕ, ಎಲ್ಲಾ ಇದರ ಮಹಿಮೆ" ಎಂದು ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ತೋರಿಸಿದಳು. ಒಳಗೆ ನೀಲಿ ತಗಡಿನ ಡಬ್ಬಿ.

ನನಗೆ ಆಗ ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ. ಅವಳ ಕೈಯಲ್ಲ, ಡಬ್ಬಿ! ದುಡ್ಡು ಕೊಟ್ಟರೆ ಸಿಗುವಂಥದ್ದು! ಚನ್ನಗಿರಿಗೆ ಬರುವಷ್ಟರಲ್ಲಿ ನಾನು ಏಜೆಂಟನ ಪಕ್ಷ ಸೇರಿಬಿಟ್ಟಿದ್ದೆ. ಅಂಗಡಿಯಲ್ಲಿ ನಕ್ಕವಳು ನಾನೇ ಎಂಬುದನ್ನು ಯಜಮಾನರು ನೆನಪಿಸಲು ಹೋದರೆ, "ನಿಮಗೆ ಕಿವಿ ಐತೇನ್ರೀ? ಬರೇ ತಂತಿ ನೋಡ್ತೀರಿ, ನಾದ ನೋಡಲ್ಲ" ಎಂದು ಬಾಯಿ ಮುಚ್ಚಿಸಿದೆ. ಅದು ಬೇಕೇಬೇಕೆಂದು ಹಟ ಹಿಡಿದೆ. ಅವರು ಬೆಸುಗೆ ಹಾಕುವ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ತರಿಸ್ತೀನಿ ಬಿಡು" ಎಂದರು, ಅಷ್ಟೇ.

ದೀಪಾವಳಿಗೆ ಮುಂಚೆ ಅದು ಬಂತು. ಜೋಡಿಸಿಕೊಟ್ಟರು. ಕೈಮುಗಿದು ಮೊದಲ ಸ್ವರ ಮೀಟಿದೆ. ನಿನ್ನೆ ಹೇಗಿತ್ತೋ ಹಾಗೇ ಇತ್ತು. ಹಣ್ಣಾಗಲು ಕಾಲ ಬೇಕಲ್ಲ ಎಂದುಕೊಂಡೆ. ಡ್ಯೂಟಿ ಮುಗಿಸಿ ಬಂದ ಕೂಡಲೇ ಕೂರುತ್ತಿದ್ದೆ, ಸಾರು ಸೀದದ್ದೂ ಉಂಟು. ಪಕ್ಕದ ಮನೆಯವರು, "ಏನ್ ಮೇಡಮ್ಮೋರೆ, ಪರೀಕ್ಷೆಗೇನಾದ್ರೂ ಕಟ್ಟೀರಾ?" ಎಂದು ಕೇಳಿದರು. ಕೆಲವು ದಿನ ಸಿಹಿ ಬಂದಂತೆ ಅನ್ನಿಸುತ್ತಿತ್ತು. ಮರುದಿನ ಮತ್ತೆ ನನ್ನದೇ ಹಳೆಯ ಗಿಟಾರು.

ಮಾಘದಲ್ಲಿ ಜಗಳೂರಿನ ಶೇಂಗಾ ವ್ಯಾಪಾರಿಯೊಬ್ಬರ ಮಗಳ ಮದುವೆ. ಹೆಣ್ಣಿನ ಕಡೆಯವರು ನನ್ನನ್ನು ಕರೆದಿದ್ದರು. ಗಂಡಿನ ಕಡೆಯವರು ನ್ಯಾಮತಿಯವರು, ತಮ್ಮೂರ ನರ್ಸಮ್ಮನನ್ನು ಕರೆದುಕೊಂಡು ಬಂದಿದ್ದರು. ಮೈಕ್ ಸೆಟ್ ನಮ್ಮದೇ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಜಮಾನರು ಎಲೆಯ ಮುಂದೆ ಬರಲೇ ಇಲ್ಲ. ಹೇಳಿಕಳಿಸಿದರೆ, ಕರೆಂಟು ಹೆಚ್ಚುಕಮ್ಮಿ ಆಗ್ತಾ ಐತೆ, ನೋಡ್ತಾ ಇದ್ದೀನಿ ಎಂದು ಉತ್ತರ ಬಂತು.

ಸಂಜೆ ಆರತಕ್ಷತೆಗೆ ಮೊದಲು ನಾನು ನುಡಿಸಿದೆ. ತಪ್ಪಿಲ್ಲದೆ ನುಡಿಸಿದೆ. ಜನ ಚಪ್ಪಾಳೆ ತಟ್ಟಿ ಮಾತು ಮುಂದುವರಿಸಿದರು. ಆಮೇಲೆ ಅವಳು. ಹೊನ್ನಾಳಿಯಲ್ಲಿ ಕೇಳಿದ್ದು ಏನೂ ಅಲ್ಲ ಎನ್ನುವಂತೆ ನುಡಿಸಿದಳು. ಚಪ್ಪರದ ಕೆಳಗೆ ಮಾತು ತಾನಾಗಿಯೇ ನಿಂತಿತು. ಮದುಮಗಳು ಮಾಲೆ ಸರಿಮಾಡಿಕೊಳ್ಳುವುದನ್ನು ಮರೆತು ಅತ್ತ ತಿರುಗಿದಳು. ಹೆಣ್ಣಿನ ಕಡೆಯ ಮುದುಕಿಯೊಬ್ಬಳು ನನ್ನ ಮೊಣಕೈ ಹಿಡಿದು, "ಕೇಳ್ರೀ ಕೇಳ್ರೀ, ಎಷ್ಟು ಚಂದ ನುಡಿಸ್ತಾಳೆ ಆ ಹುಡುಗಿ!" ಎಂದಳು, ನಾನು ಯಾರೆಂಬುದೇ ಮರೆತುಹೋಗಿ.

ಮರುದಿನ ಬೆಳಿಗ್ಗೆ ದಾವಣಗೆರೆ ಬಸ್ಸಿನಲ್ಲಿ ಕೂತೆವು. ಕಿಟಕಿಯಿಂದ ಕೆಂಧೂಳು ಒಳಗೆ ಬರುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತು ತೆಗೆದೆ.

"ಆ ಏಜೆಂಟ ನಮಗೆ ನಕಲಿ ಕೊಟ್ಟಾನೆ. ಅಸಲಿ ಇರೋದು ಅವಳ ಹತ್ರ."

ಯಜಮಾನರು ಟಿಕೆಟ್ಟು ಮಡಚಿ ಜೇಬಿಗೆ ಹಾಕಿಕೊಂಡರು.

"ನೀವು ಒಂದು ಕೆಲಸ ಮಾಡ್ರಿ. ಮುಂದಿನ ಸಲ ಅವಳ ಸೆಟ್ಟು ನಿಮ್ಮ ಕೈಗೆ ಬಂದಾಗ ಎರಡನ್ನೂ ಅದಲು ಬದಲು ಮಾಡಿಬಿಡ್ರಿ. ಎರಡೂ ನೀಲಿ ಡಬ್ಬಿ, ಯಾರಿಗೆ ಗೊತ್ತಾಗತೈತೆ?"

ಅವರು ಸಾಮಾನಿನ ಚೀಲವನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದರು. ಆಮೇಲೆ, "ಅದು ಆಗಲ್ಲ" ಎಂದರು.

"ಯಾಕೆ? ಅವಳ ಮೇಲೆ ಅಷ್ಟು ಕನಿಕರನಾ?"

"ಕನಿಕರ ಅಲ್ಲ ಕಣೆ. ಅವಳ ಡಬ್ಬೀಲಿ ಬಾಂಬೆದು ಏನೂ ಉಳಿದಿಲ್ಲ. ನಿನ್ನೆ ಮಧ್ಯಾಹ್ನ ಹಚ್ಚಿ ನೋಡ್ತಿದ್ದಾಗ ಕರೆಂಟು ಏರಿ ಸುಟ್ಟು ಹೋತು. ಹೊಗೆ ಬಂತು. ಆ ಹುಡುಗಿ ಊಟಕ್ಕೆ ಹೋಗಿದ್ಲು. ಹಳೇ ಮೈಕ್ ಸೆಟ್ಟಿಂದ ಬಿಚ್ಚಿದ್ದು ಒಂದು ನನ್ನ ಚೀಲದಾಗೆ ಇತ್ತು, ಅದನ್ನೇ ಡಬ್ಬಿಯೊಳಗೆ ಕೂರಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಹೇಳಾಣ ಅಂತ ಹೋದ್ರೆ, 'ಅಣ್ಣಾ, ಕೇಳಿದ್ರಾ, ಇವತ್ತು ಟ್ರಾನ್ಸ್‌ಫಾರ್ಮರ್ ಪೂರ್ತಿ ಹಣ್ಣಾಗೈತೆ' ಅಂತ ಕುಣೀತಾ ಬಂದ್ಲು. ನನಗೆ ಬಾಯಿ ಬರಲಿಲ್ಲ."

ಬಸ್ಸು ಯಾವುದೋ ಹಳ್ಳಿಯಲ್ಲಿ ನಿಂತಿತು. ಕುರಿಗಳನ್ನು ದಾಟಿಸುತ್ತಿದ್ದರು. ನಾನು ಕುರಿಗಳನ್ನೇ ನೋಡುತ್ತ ಕೂತೆ. ನಿನ್ನೆ ನನ್ನ ಎದೆ ಸುಟ್ಟ ಆ ನಾದ ಬಂದದ್ದು ನಮ್ಮ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸುರುಳಿಯಿಂದ.

"ನನಗಾದ್ರೂ ನಿನ್ನೇನೇ ಹೇಳಬಹುದಿತ್ತಲ್ಲ" ಎಂದೆ.

"ಹೇಳಿದ್ರೆ ನೀನು ಯಾವುದನ್ನ ನಂಬಿಕೊಂಡು ಸಮಾಧಾನ ಮಾಡ್ಕೊತಿದ್ದೆ?" ಎಂದರು. ಬೈದಂತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಡಬ್ಬಿಯ ಮೇಲಿನ ಹೊಟ್ಟೆಕಿಚ್ಚು ಡಬ್ಬಿ ಕೊಂಡರೆ ಮುಗಿಯುತ್ತಿತ್ತು. ಈಗ ಉಳಿದದ್ದು ಆ ಹುಡುಗಿಯ ಎಡಗೈ. ಅದನ್ನು ಯಾವ ಅಂಗಡಿಯಿಂದ ತರಿಸಲಿ?

ಆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಷ್ಟೂ ಅದು ನನಗೆ ಒಂದು ಆಯುಧದಂತೆ ಕಾಣತೊಡಗಿತು. ನನಗೆ ಸುಖವಿಲ್ಲದಿದ್ದರೆ ಅವಳಿಗೇಕೆ ಇರಬೇಕು? ತನ್ನ ಬಾಂಬೆ ಗುಂಡಿಗಿ ಬೂದಿಯಾಗಿ ಹೋಗಿದೆಯೆಂದು ಗೊತ್ತಾದರೆ ಅವಳ ಕೈ ನಡುಗದೆ ಇರುತ್ತದೆಯೆ? ಒಂದು ದಿನ ವಾರದ ರಜೆ ಇದ್ದಾಗ ಯಜಮಾನರಿಗೆ ತಂಗಿಯ ಮನೆಗೆಂದು ಹೇಳಿ ಹೊನ್ನಾಳಿಗೆ ಹೋಗಿ, ಅಲ್ಲಿಂದ ನ್ಯಾಮತಿ ಬಸ್ಸು ಹತ್ತಿದೆ.

ಅವಳು ಆಗತಾನೆ ಡ್ಯೂಟಿ ಮುಗಿಸಿ ಬಂದಿದ್ದಳು. ಒಂದೇ ಕೋಣೆಯ ಕ್ವಾರ್ಟರ್ಸು. ಬಿಳಿ ಸೀರೆಯಲ್ಲೇ ಓಡಿ ಬಂದು ಚಾಪೆ ಹಾಸಿದಳು, ಮಂಡಕ್ಕಿ ಕಲಸಿದಳು. ಟೀ ಕುಡಿದು ಲೋಟ ಕೆಳಗಿಟ್ಟು, ಕನಿಕರದ ಮುಖ ಮಾಡಿಕೊಂಡು ಹೇಳಿದೆ.

"ನಿನಗೊಂದು ವಿಷಯ ಹೇಳಾಕೆ ಬಂದೆ ಕಣಮ್ಮ. ಬೇಜಾರು ಮಾಡ್ಕೋಬ್ಯಾಡ. ಜಗಳೂರಿನಾಗೆ ನಿನ್ನ ಬಾಂಬೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋತು. ಕಾರ್ಯಕ್ರಮಕ್ಕೆ ಮುಂಚೇನೇ. ಈಗ ಒಳಗೆ ಇರೋದು ನಮ್ಮೋರು ಹಾಕಿದ ಹಳೇದು, ಗುಜರಿಗೆ ಹಾಕೋ ಅಂಥದ್ದು."

ಅವಳು ಆಂಪ್ಲಿಫೈಯರಿನ ಕಡೆ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ನಾನು ಅವಳಿಗೆ ಅಳು ಬರಲೆಂದು ಕಾಯುತ್ತಿದ್ದೆ.

"ಅವತ್ತು ಸಂಜೆ ನುಡಿಸಿದ್ದು ಅದರಾಗೇನಾ?"

"ಹೂಂ. ಅದರಾಗೇ."

"ಹಂಗಾದ್ರೆ..." ಎಂದು ನಿಲ್ಲಿಸಿದಳು. ಮುಖ ನಿಧಾನವಾಗಿ ಅರಳಿತು. "ಹಂಗಾದ್ರೆ ಅಕ್ಕಾ, ನುಡಿಸಿದ್ದು ನಾನೇನಾ?"

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮಗೆ ಗೊತ್ತಿಲ್ಲಕ್ಕ, ಅದನ್ನ ತಂದಾಗಿಂದ ನಂಗೆ ಎಷ್ಟು ಭಯ ಅಂತೀರಿ! ಬಸ್ಸಿನಾಗೆ ಕುಲುಕಿದ್ರೆ ಹೆದರಿಕೆ, ಕರೆಂಟು ಮಂಕಾದ್ರೆ ಹೆದರಿಕೆ. ದೂರದ ಊರಿಂದ ಯಾರು ಕರೆದ್ರೂ ಒಲ್ಲೆ ಅಂತಿದ್ದೆ, ಇದು ಕೆಟ್ಟರೆ ನನ್ನ ಬಣ್ಣ ಬಯಲಾಗತೈತೆ ಅಂತ. ನಮ್ಮ ಮನೆ ಜನಾನೂ ಹಂಗೇ ಅನ್ನೋರು, ನಿಂದೇನೈತೆ, ಎಲ್ಲಾ ಡಬ್ಬಿದು ಅಂತ. ಅಷ್ಟು ದೂರದಿಂದ ಇದನ್ನ ಹೇಳಾಕೆ ಬಂದ್ರಲ್ಲಕ್ಕಾ! ಒಡಹುಟ್ಟಿದೋರೂ ಬರ್ತಿರಲಿಲ್ಲ."

ಗಿಟಾರ್ ಎಳೆದುಕೊಂಡು ಕೂತಳು. ಆಂಪ್ಲಿಫೈಯರಿಗೆ ಸಿಕ್ಕಿಸಲೂ ಇಲ್ಲ. ಸುಮ್ಮನೆ ಬರಿಯ ತಂತಿಗಳ ಮೇಲೆ, ಸೊಳ್ಳೆಯ ದನಿಯಷ್ಟು ಸಣ್ಣಗೆ ನುಡಿಸಿದಳು. ಅಷ್ಟು ಹತ್ತಿರದಿಂದ ನಾನು ಅವಳ ಕೈ ನೋಡಿರಲಿಲ್ಲ. ಸ್ವರ ತಲುಪುವ ಮೊದಲು ಕಂಬಿಯನ್ನು ಕೂದಲೆಳೆಯಷ್ಟು ಸಡಿಲಿಸಿ, ಆಮೇಲೆ ಒತ್ತುತ್ತಿದ್ದಳು. ಅಲ್ಲೇ ಇತ್ತು ಆ ಅಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನಾನು ತಲ್ಲೀನಳಾಗಿದ್ದೇನೆಂದು ಅವಳು ತಿಳಿದುಕೊಂಡಳು. ಕಳ್ಳನ ಕಣ್ಣು ಹೇಗೆ ಬೀಗವನ್ನು ನೋಡುತ್ತದೆಯೋ ಹಾಗೆ ನೋಡುತ್ತಿದ್ದೆ.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಶಿವಮೊಗ್ಗ, ಹರಿಹರ, ಚಿತ್ರದುರ್ಗ, ಎಲ್ಲಿಂದ ಕರೆ ಬಂದರೂ ಸಿಕ್ಕಿದ ಬಸ್ಸು ಹತ್ತಿ, ಅಲ್ಲಿ ಸಿಕ್ಕಿದ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿ ನುಡಿಸಿ ಬರುತ್ತಿದ್ದಳು. ಅವಳಿಗೆ ಬರುವ ಟ್ರಂಕ್ ಕಾಲುಗಳಲ್ಲಿ ಕೆಲವು ನಮ್ಮ ಎಕ್ಸ್‌ಚೇಂಜಿನ ಮೂಲಕವೇ ಹೋಗುತ್ತಿದ್ದವು. ನ್ಯಾಮತಿ ಆಸ್ಪತ್ರೆ ಕೊಡಿ ಎನ್ನುವ ದನಿ ಕೇಳಿದರೆ, ಇದು ಹೆರಿಗೆಗೋ ಗಿಟಾರಿಗೋ ಎಂದು ನನಗೆ ಗೊತ್ತಾಗಿಬಿಡುತ್ತಿತ್ತು. ಗಿಟಾರಿಗಾದರೆ ಪಿನ್ನು ಸಿಕ್ಕಿಸುವ ನನ್ನ ಕೈ ಭಾರವಾಗುತ್ತಿತ್ತು. ಆದರೂ ಜೋಡಿಸಿಯೇ ಕೊಡುತ್ತಿದ್ದೆ.

ಮನೆಯಲ್ಲಿ ನಾನು ಆ ಸಡಿಲಿಸಿ ಒತ್ತುವುದನ್ನು ಅಭ್ಯಾಸ ಮಾಡಿದೆ. ಬಹಳ ಕಾಲ ಬರಲಿಲ್ಲ. ಬಂದಮೇಲೂ ನನ್ನದೆಂದು ಅನ್ನಿಸಲಿಲ್ಲ. ಎಂಬತ್ತರ ದಶಕದ ನಡುವೆ ಅವಳಿಗೆ ರಾಯಚೂರು ಕಡೆಗೆ ವರ್ಗವಾಯಿತು. ಹೋಗುವ ಮೊದಲು ಚನ್ನಗಿರಿಗೆ ಬಂದು ನಮ್ಮಿಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. "ಅವತ್ತು ಅಕ್ಕ ನ್ಯಾಮತಿಗೆ ಬಂದು ಹೇಳದಿದ್ರೆ ಇವತ್ತೂ ಡಬ್ಬಿ ಕಾಯ್ಕೊಂಡು ಕೂತಿರ್ತಿದ್ದೆ" ಎಂದಳು. ಯಜಮಾನರು ನನ್ನ ಮುಖ ನೋಡಿದರು. ನಾನು ಅರಿಶಿನ ಕುಂಕುಮ ತರಲು ಒಳಗೆ ಹೋದೆ.

ಅವಳು ಹೋದ ವರ್ಷ ಸಾಸ್ವೆಹಳ್ಳಿಯ ಒಂದು ಮದುವೆಯಲ್ಲಿ ನುಡಿಸಿದೆ. ಆ ದಿನ ಜನ ನಿಜವಾಗಿಯೂ ಮಾತು ನಿಲ್ಲಿಸಿ ಕೇಳಿದರು. ಮುಗಿದಮೇಲೆ ಹೆಂಗಸೊಬ್ಬಳು ಎಲೆಅಡಿಕೆ ತಟ್ಟೆ ಹಿಡಿದು ಹತ್ತಿರ ಬಂದು, "ಎಷ್ಟು ಚಂದ ನುಡಿಸಿದ್ರಿ ಮೇಡಮ್ಮೋರೆ! ಥೇಟ್ ನ್ಯಾಮತಿ ನರ್ಸಮ್ಮ ನುಡಿಸಿದಂಗೇ ಇತ್ತು" ಎಂದಳು.

"ಹೌದಾ" ಎಂದು ಎಲೆಅಡಿಕೆ ತೆಗೆದುಕೊಂಡೆ. ಗಿಟಾರಿನ ತಂತಿಗಳನ್ನು ಬಟ್ಟೆಯಿಂದ ಒರೆಸಿದೆ, ಯಾವತ್ತಿಗಿಂತ ಸ್ವಲ್ಪ ಜೋರಾಗಿಯೇ.