ಅಣ್ಣನ ಹೆಸರಿಗೆ ನನ್ನ ತೋಳು

ವೈನಿ, ಅಣ್ಣನ ರಕ್ತಪರೀಕ್ಷೆ ಎಂದು ನಾನು ನಿಮ್ಮ ಕೈಗೆ ತಂದುಕೊಡುತ್ತಿದ್ದ ವರದಿಗಳು ಅಣ್ಣನವಲ್ಲ — ನನ್ನವು. ಅವನ ಕೊನೆಯ ತಿಂಗಳುಗಳಲ್ಲಿ, ಆಸ್ಪತ್ರೆಗೆ ಸೇರಿಸುವವರೆಗೆ, ಅವನ ತೋಳಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ. ಚುಚ್ಚಿಸಿಕೊಂಡವನು ನಾನು, ಅವನ ಹೆಸರು ಹೇಳಿ. ಈ ಮೈದುನನನ್ನು ಬೈಯುವುದಿದ್ದರೆ ಪೂರ್ತಿ ಕೇಳಿ ಬೈಯಿರಿ.

ಕೀಲು ಹಿಡಿದು ಅಣ್ಣನ ಬೆರಳು ಮಡಚಲು ಬಾರದಂತಾದಾಗ ಬೆಳಗಾವಿಯ ನೆಹರು ನಗರದ ಡಾಕ್ಟರು ವಾರಕ್ಕೊಮ್ಮೆ ನುಂಗುವ ಗುಳಿಗೆ ಕೊಟ್ಟರಲ್ಲ, ಅವನು ಮತ್ತೆ ತಾನೇ ಎಮ್ಮೆ ಹಿಂಡುವಷ್ಟಾದ. ಆದರೆ ಅವರು ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಮಾಸ್ತರ್ರ, ಈ ಗುಳಿಗಿ ಛಲೋ ಐತಿ, ಆದ್ರ ಒಳಗಿಂದೊಳಗ ರಕ್ತದ ಕಣ ಬೀಳಸಬಹುದು. ತಿಂಗಳಾ ತಿಂಗಳಾ ರಕ್ತ ನೋಡಿಸೇ ಮುಂದಿನ ಗುಳಿಗಿ ಕೊಡ್ರಿ." ನಾನು ತಲೆಯಾಡಿಸಿದ್ದೆ. ವಿಜ್ಞಾನದ ಮಾಸ್ತರ ನೋಡಿ, ತಿಳಿಯದೆ ಏನು!

ಬೆಳಗಾವಿಯ ಲ್ಯಾಬಿನ ಹೆಣ್ಣುಮಗಳು ನಮ್ಮ ಖಾನಾಪುರಕ್ಕೆ ಬರುತ್ತಿದ್ದುದು ಸೋಮವಾರ ಮಾತ್ರ. ಔಷಧಿ ಅಂಗಡಿಯ ಹಿಂದೆ ಕುಳಿತು ರಕ್ತ ತೆಗೆದುಕೊಂಡು ಹೋಗುತ್ತಿದ್ದಳು. ಅಣ್ಣನ ಸೋಮವಾರ ನಿಮಗೆ ಗೊತ್ತೇ ಇದೆ — ಎತ್ತುಗಳ ಮೈ ತೊಳೆಯುವುದು, ಪೂಜೆ ಮಾಡುವುದು, ಅಷ್ಟೇ. "ಎತ್ತಿನ ಹೆಗಲಿಗೆ ನೊಗಾ ಇಡದ ದಿನಾ ನಾ ಮೈಯಾಗಿನ ರಕ್ತಾ ತಗಸ್ಲೇನು? ಬ್ಯಾರೆ ವಾರ ಹೋಗೂಣು ತಗೋ" ಎಂದ. ಬೇರೆ ದಿನವೆಂದರೆ ಬೆಳಗಾವಿಗೇ ಹೋಗಬೇಕು. ಮೊದಮೊದಲು ರಜೆ ಹಾಕಿ ಕರೆದುಕೊಂಡು ಹೋದೆ. ಆಮೇಲೆ ಬೇಸರ ಬಂತು. ಹೌದು ವೈನಿ, ಬರೀ ಬೇಸರ — ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಒಂದು ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಅಲ್ಲಿ ಕುಳಿತು ತೋಳು ಚಾಚಿದೆ. "ಹೆಸರ್ರಿ?" ಎಂದಳು. "ಗುರುಸಿದ್ದಪ್ಪ" ಎಂದೆ. ಆಕೆ ಮುಖ ನೋಡಲಿಲ್ಲ. ನೋಡಿದರೂ ಆಕೆಗೆ ಅಣ್ಣನ ಪರಿಚಯವೆಲ್ಲಿ?

ಸಂಜೆ ಅಣ್ಣನಿಗೆ ಹೇಳಿದೆ. ನಕ್ಕುಬಿಟ್ಟ. "ಎಲಾ ಇವನ! ಒಂದಽ ಹೊಟ್ಟ್ಯಾಗ ಹುಟ್ಟೀವಿ, ನಿಂದೇನು ನಂದೇನು." ಅವನಿಗೆ ತಿಳಿಯದು. ನನಗೆ ತಿಳಿದಿತ್ತು. ಇದೊಂದು ಸಲ ಎಂದುಕೊಂಡೆ... ಮುಂದಿನ ತಿಂಗಳೂ ಅದೇ ಮಾಡಿದೆ. ವರದಿ ಪ್ರತಿ ಸಲ ಚೆನ್ನಾಗಿ ಬಂತು. ಬಾರದೆ ಏನು, ನನಗೇನು ರೋಗ?

ಅವನ ಬಾಯಿ ತುಂಬ ಹುಣ್ಣೆದ್ದಾಗ ನೀವು ಉಷ್ಣವೆಂದು ಮಜ್ಜಿಗೆ ಕುಡಿಸಿದಿರಿ. ನಾನೂ ಹೂಂಗುಟ್ಟಿದೆ. ಜ್ವರ ಏರಿದ ಮೇಲೆ ಬೆಳಗಾವಿಗೆ ಹೊತ್ತು ಒಯ್ದೆವು. ಡಾಕ್ಟರು ಹೊಸ ವರದಿಯನ್ನೂ ಹಳೆಯದನ್ನೂ ಹಿಡಿದು ನಿಂತರು. "ಹೋದ ವಾರ ಎಲ್ಲಾ ಸರಿ ಇತ್ತಲ್ರಿ! ಇಷ್ಟರಾಗ ಬಿಳಿಕಣ ಹಿಂಗ ಬಿದ್ದಾವಂದ್ರ... ಈ ರಿಪೋರ್ಟ್ ಖರೇ ಐತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ: "ನಮ್ಮ ಮೈದುನರು ತಾವಽ ಮುಂದ ನಿಂತು ಮಾಡಸ್ಯಾರ್ರೀ. ಅವರು ತಪ್ಪಾಂಗಿಲ್ಲ."

ಡಾಕ್ಟರು ನನ್ನತ್ತ ತಿರುಗಿದರು. ನಾನು "ಹೌದ್ರಿ" ಎಂದೆ.

ಹೋದ ವಾರ ಸರಿಯಿದ್ದದ್ದು ಈಗ ಕೆಟ್ಟಿದೆಯೆಂದರೆ ಗುಳಿಗೆಯಿಂದ ಅಲ್ಲವೆಂದು ಅವರು ಡೆಂಗಿ ಹುಡುಕಿದರು, ಮತ್ತೇನೇನೋ ಹುಡುಕಿದರು. ಗುಳಿಗೆಯ ವಿಷ ಇಳಿಸುವ ಮದ್ದು ಅದೇ ಆಸ್ಪತ್ರೆಯಲ್ಲಿತ್ತು. ಅದು ಅಣ್ಣನ ಮೈಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಮೊದಲೇ ಕೊಟ್ಟಿದ್ದರೆ ಬದುಕುತ್ತಿದ್ದನೇ — ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನೂ ನಾನೇ.

ಆಮೇಲೆ ನೀವು ಬೀಗರು ಬಿಜ್ಜರ ಮುಂದೆ ಲ್ಯಾಬಿನವಳನ್ನು ಶಪಿಸಿದಿರಿ. "ತಪ್ಪು ರಿಪೋರ್ಟ್ ಕೊಟ್ಟಳು, ಆಕಿ ಕೈಗೆ ಹುಳಾ ಬೀಳ್ಲಿ!" ಹುಳ ಬೀಳಬೇಕಾದ ಕೈ ನಿಮ್ಮೆದುರೇ ಇತ್ತು, ಅದಕ್ಕೆ ನೀವು ಚಹಾ ಕೊಟ್ಟಿರಿ. ಕುಡಿದೆ, ವೈನಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನೀವು ಬೇಲಿಗೆ ಕೈ ಮುಗಿಯುತ್ತಿದ್ದಿರಿ. ಇಷ್ಟು ವರ್ಷ ಹಾಗೇ ನಡೆಯಿತು. ಹೋದ ವಾರ ನಿಮ್ಮ ಸಕ್ಕರೆ ಪರೀಕ್ಷೆಗೆ "ನೀವಽ ಕರಕೊಂಡ ಹೋಗ್ರಿ, ನನಗ ನಿಮ್ಮ ಮ್ಯಾಲ ನಂಬಿಗಿ" ಎಂದಿರಿ. ಅದಕ್ಕೇ ಈಗ ಬಾಯಿ ಬಿಟ್ಟೆ. ಮಗಳನ್ನು ಕರೆದುಕೊಂಡು ಹೋಗಿ. ಲ್ಯಾಬಿನವಳನ್ನು ಹುಡುಕಿ ಹೋಗಿ ಹೇಳಿ ಬಂದಿದ್ದೇನೆ. ಡಾಕ್ಟರಿಗೂ ಹೇಳಿದ್ದೇನೆ. ಎಲ್ಲರಿಗಿಂತ ಮೊದಲು ಹೇಳಬೇಕಾದ ನಿಮಗೆ ಕೊನೆಗೆ ಹೇಳುತ್ತಿದ್ದೇನೆ, ನಿಮ್ಮೆದುರಿನ ಅಂಜಿಕೆ ಇನ್ನೂ ಹೋಗಿಲ್ಲ.

ಇನ್ನೊಂದಿದೆ. ಅಣ್ಣ ಕೊನೆಗೆ ಏನಂದ ಎಂದು ನೀವು ಕೇಳಿದಾಗಲೆಲ್ಲ "ಮಕ್ಕಳನ್ನು ನೋಡಿಕೋ ಅಂದ" ಎನ್ನುತ್ತಿದ್ದೆ. ಸುಳ್ಳು. ಆ ದಿನ ನಾನು "ಹೌದ್ರಿ" ಎಂದದ್ದು ಅವನಿಗೆ ಕೇಳಿಸಿತ್ತು. ನೀವು ಗಂಜಿ ತರಲು ಕೆಳಗೆ ಹೋದಿರಿ. ಅವನು ನನ್ನ ಅಂಗಿ ಹಿಡಿದು ಬಗ್ಗಿಸಿಕೊಂಡ. ಹುಣ್ಣಿನ ಬಾಯಿಯಿಂದ ಮಾತು ಕಷ್ಟದಿಂದ ಬಂತು: "ಹೇಳಬ್ಯಾಡೋ ತಮ್ಮಾ. ಆಕಿ ನಿನ್ನ ಮನಿಯೊಳಗ ಬರಗೊಡಾಂಗಿಲ್ಲ."

ಡಾಕ್ಟರು ಆಗಿನ್ನೂ ಪಕ್ಕದ ಮಂಚದ ಹತ್ತಿರವೇ ನಿಂತಿದ್ದರು. ಕರೆದಿದ್ದರೆ ಕೇಳಿಸುತ್ತಿತ್ತು. ನಾನು ಕರೆಯಲಿಲ್ಲ.