ಬಾವಿಯೊಳಗೆ ಏನಾಯಿತು

ನಮ್ಮ ಪ್ರೆಸ್ಸಿನ ಬೈಂಡಿಂಗ್ ಹಾಲಿನಲ್ಲಿ ಒಂದು ಕಟ್ಟುನಿಟ್ಟಿತ್ತು: ಪುಸ್ತಕ ಜೋಡಿಸುವವನು ಅದನ್ನು ಓದಬಾರದು. ಆ ಕಟ್ಟುನಿಟ್ಟು ಮಾಡಿದವರು ನನ್ನ ಗಂಡ. ಮುರಿದವರೂ ಅವರೇ. ಅದಕ್ಕೇ ಈ ಸಂಗತಿ ಹೇಳಲು ಕೂತಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ಅಳು ಆಮೇಲೆ.

ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಗೋಂದಣ್ಣ ಎಂದು ಕರೆಯುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಬೆರಳ ತುದಿಯ ಗೋಂದು ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಕೈ ಹಿಡಿದರೆ ಬಿಡಿಸಿಕೊಳ್ಳಲು ತುಸು ಹೊತ್ತು ಬೇಕಾಗುತ್ತಿತ್ತು, ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಆಮೇಲೆ ನಾನೂ ಅಲ್ಲೇ ಫಾರಂ ಮಡಿಸುವ ಕೆಲಸಕ್ಕೆ ಸೇರಿದೆ. ಫಾರಂ ಅಂದರೆ ಮತ್ತೇನಲ್ಲ, ಹದಿನಾರು ಪುಟ ಅಚ್ಚಾಗಿರುವ ಒಂದು ದೊಡ್ಡ ಹಾಳೆಯನ್ನು ಮಡಿಸಿದ ಮಡಿಕೆ. ಫಾರಮುಗಳ ಗುಡ್ಡೆಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರಿಂದ ಒಂದೊಂದು ಎತ್ತಿಕೊಳ್ಳುತ್ತ ನಡೆದರೆ ಮೇಜು ಮುಗಿಯುವಾಗ ಕೈಯಲ್ಲಿ ಪುಸ್ತಕವಿರುತ್ತದೆ. ಪ್ರತಿ ಫಾರಮಿನ ಬೆನ್ನಿಗೂ ಒಂದು ಕರಿ ಗುರುತು, ಹಿಂದಿನದಕ್ಕಿಂತ ತುಸು ಕೆಳಗೆ. ಜೋಡಿಸಿದ ಪುಸ್ತಕದ ಬೆನ್ನಿನಲ್ಲಿ ಆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿದು ಬರಬೇಕು. ಮೆಟ್ಟಿಲು ತಪ್ಪಿತೋ, ಫಾರಂ ತಪ್ಪಿದೆ ಎಂದು ಅರ್ಥ. ಜೋಡಿಸಿದವನೇ ಬೆನ್ನು ನೋಡುವ ಹಾಗಿಲ್ಲ, ಬೇರೆಯವರು ನೋಡಬೇಕು. ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವರು ಇದೇ ಮಹಾನುಭಾವರು.

ಊರವರ ಪುಸ್ತಕಗಳಿಗೆ ಗೋಂದು ಹಚ್ಚುತ್ತಲೇ ಅವರು ತಮ್ಮದೊಂದು ಕಾದಂಬರಿ ಬರೆಯುತ್ತಿದ್ದರು. ಸಾಮಾನ್ಯದ್ದಲ್ಲ. ಒಂದು ರಾಜ್ಯ, ಅಲ್ಲಿ ಸೂರ್ಯ ಮುಳುಗುವಾಗ ಕಾಲು ಜಾರಿ ಒಂದು ಬಾವಿಗೆ ಬಿದ್ದುಬಿಟ್ಟಿದ್ದಾನೆ. ರಾಜ ಹೆದರಿದ, ಮಂತ್ರಿಗಳು ಸಭೆ ಕರೆದರು, ಸೈನ್ಯ ಬಾವಿಯ ಸುತ್ತ ಕಾವಲು ನಿಂತಿತು. ಕೊನೆಗೆ ಇಳಿಯುವುದಕ್ಕೆ ಸಿಕ್ಕಿದ್ದು ಬಾವಿ ತೋಡುವ ಕೆಲಸದ ಒಬ್ಬ ಹೆಣ್ಣುಮಗಳು. ಊಟಕ್ಕೆ ಕೂತಾಗ ಇವರು ಅದನ್ನು ನನಗೆ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಬಾವಿಯ ತಳದ ಭಾಗವನ್ನಂತೂ ಎಷ್ಟು ಸಲ ಬದಲಾಯಿಸಿದರೆಂದರೆ, ಆ ಹುಡುಗಿ ಇಳಿದಿಳಿದು ಮುದುಕಿಯಾಗಿರಬೇಕು ಎಂದು ನಾನು ಛೇಡಿಸುತ್ತಿದ್ದೆ. ಇವರು ನಗುತ್ತಿರಲಿಲ್ಲ. ಇಡೀ ಪುಸ್ತಕ ಬರೆದಿರುವುದೇ ಆ ತಳಕ್ಕಾಗಿ ಅನ್ನುತ್ತಿದ್ದರು.

ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ಇವರ ಚಪ್ಪಲಿ ಸವೆಯಿತು. ಒಬ್ಬರು ಇವತ್ತು ನಾಳೆ ಎನ್ನುತ್ತ ವರ್ಷಗಟ್ಟಲೆ ಮೂಗಿಗೆ ತುಪ್ಪ ಸವರಿದರು, ಆಮೇಲೆ ಹಸ್ತಪ್ರತಿಯ ಕಟ್ಟು ಬಿಚ್ಚದೆಯೇ ವಾಪಸು ಕೊಟ್ಟರು. ಇವರು ಕಟ್ಟಿದ ಗಂಟು ಹಾಗೇ ಇತ್ತು, ಬೈಂಡರಿಗೆ ತನ್ನ ಗಂಟು ಗೊತ್ತಾಗುವುದಿಲ್ಲವೇ? ಇನ್ನೊಬ್ಬರು ಇದು ಅಜ್ಜಿ ಕತೆ, ದೊಡ್ಡವರು ಓದುವುದಿಲ್ಲ, ಇಷ್ಟು ದಪ್ಪಕ್ಕೆ ಮಕ್ಕಳೂ ಓದುವುದಿಲ್ಲ ಅಂದರು. ಮೂರನೆಯವರು ಬಹಳ ಸಜ್ಜನರು, ಟೀ ಕೊಟ್ಟು ಕೂರಿಸಿ, ಈ ಮಾಯಮಂತ್ರವನ್ನೆಲ್ಲ ತೆಗೆದುಬಿಡಿ, ಒಳ್ಳೆಯ ಸಾಮಾಜಿಕ ಕಾದಂಬರಿಯಾಗುತ್ತದೆ ಎಂದು ಸಲಹೆ ಕೊಟ್ಟರು. ಹೆಣ್ಣೊಂದನ್ನು ಬಿಟ್ಟು ಮದುವೆ ಮಾಡಿಕೊಳ್ಳಿ ಅಂದ ಹಾಗೆ. ನಾನು ನಕ್ಕುಬಿಟ್ಟೆ. ಇವರು ಅವತ್ತು ಊಟ ಮಾಡಲಿಲ್ಲ.

ಹೀಗೇ ಇವರ ಕೂದಲು ಬೆಳ್ಳಗಾಯಿತು. ಕೈ ನಡುಗುವುದಕ್ಕೆ ಶುರುವಾಯಿತು. ಅಷ್ಟರಲ್ಲಿ ಪ್ರೆಸ್ಸು ಮುಚ್ಚುವ ಸುದ್ದಿ ಬಂತು. ಮಷಿನ್ನು ಬಿಚ್ಚಿ ಗುಜರಿಗೆ ಹಾಕುವ ಮೊದಲು ಏನಾದರೂ ಬೇಕಿದ್ದರೆ ಕೇಳು ಎಂದು ಮಾಲೀಕರು ಇವರನ್ನು ಕೇಳಿದರಂತೆ. ಇವರು ಗಡಿಯಾರ ಕೇಳಲಿಲ್ಲ, ಕುರ್ಚಿ ಕೇಳಲಿಲ್ಲ. ಉಳಿದಿರುವ ಕಾಗದದಲ್ಲಿ ನನ್ನ ಪುಸ್ತಕ ಅಚ್ಚು ಹಾಕಿಕೊಳ್ಳುತ್ತೇನೆ ಅಂದರು. ಮಾಲೀಕರು ಹೂಂ ಅಂದರು. ಆ ಹಳೆಯ ಮಷಿನ್ನು ಕೊನೆಯದಾಗಿ ತಿರುಗಿದ್ದು ಬಾವಿಗೆ ಬಿದ್ದ ಸೂರ್ಯನಿಗಾಗಿ.

ಫಾರಂ ಮಡಿಸಿದ್ದು ನಾನು. ಜೋಡಿಸುವುದಕ್ಕೂ ಬರುತ್ತೇನೆ ಅಂದರೆ ಬೇಡ ಅಂದರು. ಬೆನ್ನನ್ನಾದರೂ ನಾನು ನೋಡುತ್ತೇನೆ ಎಂದೆ. ಅದೂ ಬೇಡವಂತೆ, ಇದೊಂದನ್ನು ಮಾತ್ರ ಒಬ್ಬನೇ ಮಾಡಬೇಕಂತೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೇಜಿನ ಉದ್ದಕ್ಕೂ ನಡೆಯುತ್ತ ಒಂದೊಂದು ಫಾರಮನ್ನೂ ಎತ್ತಿ, ಮಗುವಿನ ಮುಖ ನೋಡುವ ಹಾಗೆ ನೋಡಿ, ತುಟಿಯಲ್ಲೇ ಒಂದೆರಡು ಸಾಲು ಓದಿ ಜೋಡಿಸುತ್ತಿದ್ದರು. ಓದಬೇಡಿರೀ ಎಂದು ಕೂಗಬೇಕು ಅನ್ನಿಸಿತು. ಆ ಮುಖದ ಕಳೆ ನೋಡಿ ಬಾಯಿ ಬರಲಿಲ್ಲ.

ಪುಸ್ತಕ ಹೊರಗೆ ಬಂತು. ಮೊದಲ ಪ್ರತಿ ಇವರ ಅಣ್ಣನಿಗೆ. ನಮ್ಮ ಭಾವ ತಮ್ಮನನ್ನು ತಂದೆಯ ಹಾಗೆ ಸಾಕಿದವರು, ಇವರ ಕೈಗೆ ಮೊದಲ ಕತೆಪುಸ್ತಕ ಕೊಟ್ಟವರೂ ಅವರೇ. ಅಣ್ಣ ಚೆನ್ನಾಗಿದೆ ಅಂದರೆ ಇವರಿಗೆ ಇಡೀ ಊರು ಅಂದಂತೆ. ವಾರ ಕಳೆದು ಭಾವ ಮನೆಗೆ ಬಂದರು. ಕೂತಲ್ಲೇ ಮುಗಿಸಿಬಿಟ್ಟೆ ಕಣೋ, ಕೆಳಗಿಡಲು ಮನಸ್ಸೇ ಬರಲಿಲ್ಲ ಎಂದು ಬೆನ್ನು ತಟ್ಟಿದರು. ಇವರು ಒಳಗೆ ಬಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಹಳೆಯ ಜೊತೆಗಾರರೂ ಹಾಗೇ ಹೊಗಳಿದರು. ಗ್ರಂಥಾಲಯದವರು ಭೇಷ್ ಅಂದರು. ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲು ವಿಮರ್ಶೆಯೂ ಬಂತು: ಬಾವಿಯ ತಳದ ದೃಶ್ಯ ಮೈ ನವಿರೇಳಿಸುತ್ತದೆ ಎಂದು. ಆ ತುಂಡನ್ನು ಇವರು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡರು. ಕೊಂಡವರು ಹೆಚ್ಚಿಲ್ಲ, ಕಟ್ಟುಗಳು ಮಂಚದ ಕೆಳಗೆ ಹಾಗೇ ಇದ್ದವು. ಇರಲಿ, ಓದಿದವರು ಓದಿದ್ದಾರಲ್ಲ ಅನ್ನುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಜ್ವರ ಬಂತು. ಮಲಗಿ ಮಲಗಿ ಬೇಸರವಾಗಿ ಮಂಚದ ಕೆಳಗೆ ಕೈ ಹಾಕಿ ಒಂದು ಪ್ರತಿ ಎಳೆದುಕೊಂಡೆ. ಕೇಳಿ ಗೊತ್ತಿದ್ದ ಕತೆ, ಆದರೂ ಓದುತ್ತ ಓದುತ್ತ ಹಿಡಿದುಕೊಂಡಿತು. ಹುಡುಗಿ ಹಗ್ಗ ಹಿಡಿದು ಬಾವಿಗೆ ಇಳಿದಳು. ಹಗ್ಗ ಮುಗಿಯಿತು, ಕೈ ಬಿಟ್ಟಳು. ಪುಟ ತಿರುಗಿಸಿದರೆ ಅವಳು ಇನ್ನೂ ರಾಜನ ಮುಂದೆ ನಿಂತು ಹಗ್ಗ ಕೇಳುತ್ತಿದ್ದಾಳೆ! ಜ್ವರದ ತಲೆ, ನನಗೇ ಏನೋ ಆಗಿದೆ ಅಂದುಕೊಂಡೆ. ಪುಟದ ಸಂಖ್ಯೆ ನೋಡಿದೆ. ಒಂಬತ್ತನೆಯ ಫಾರಂ ಎರಡು ಸಲ ಕೂತಿತ್ತು. ಹತ್ತನೆಯದು ಇರಲೇ ಇಲ್ಲ. ಮತ್ತೆ ಕೈ ಬಿಟ್ಟವಳು ಹನ್ನೊಂದನೆಯ ಫಾರಮಿನಲ್ಲಿ ಸೂರ್ಯನನ್ನು ಪಕ್ಕದಲ್ಲಿಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು.

ಒಂದೊಂದೇ ಕಟ್ಟು ಬಿಚ್ಚಿದೆ. ಎಲ್ಲದರಲ್ಲೂ ಹಾಗೇ. ಒಂಬತ್ತನೆಯ ಫಾರಂ ಜಾಸ್ತಿ ಅಚ್ಚಾಗಿ ಎರಡು ಗುಡ್ಡೆಯಾಗಿತ್ತು, ಅದು ನನಗೆ ನೆನಪಿದೆ. ಓದುವ ಗುಂಗಿನಲ್ಲಿ ಎರಡೂ ಗುಡ್ಡೆಯನ್ನು ಮೇಜಿಗೆ ಇಟ್ಟಿದ್ದಾರೆ, ಹತ್ತನೆಯದು ಮೇಜಿನ ಕೆಳಗೇ ಉಳಿದಿದೆ. ಮೇಜಿನ ಕೆಳಗೆ ಉಳಿದದ್ದೆಲ್ಲ ರದ್ದಿ ಎನ್ನುವುದು ಪ್ರೆಸ್ಸಿನ ಪದ್ಧತಿ. ಬಾವಿಯ ತಳ ಯಾವ ಅಂಗಡಿಯಲ್ಲಿ ಪೊಟ್ಟಣವಾಯಿತೋ, ಅದರಲ್ಲಿ ಯಾರು ಏನು ಕಟ್ಟಿಸಿಕೊಂಡು ಹೋದರೋ! ಕತೆಯೆಲ್ಲ ಬಾಯಿಪಾಠವಾಗಿದ್ದವರ ಕಣ್ಣಿಗೆ ಇಲ್ಲದ ಪುಟವೂ ಇದ್ದ ಹಾಗೇ ಕಂಡಿರಬೇಕು. ಬೆನ್ನು ನೋಡಿದವರೂ ಅವರೇ, ಅದೂ ನೀರು ತುಂಬಿದ ಕಣ್ಣಲ್ಲಿ.

ಹೇಳದೆ ಇರೋಣ ಅನ್ನಿಸಿತು. ಎಷ್ಟು ದಿನ? ಹೇಳಿದೆ. ಸಿಟ್ಟೂ ಸೇರಿಕೊಂಡು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಪುಸ್ತಕ ತೆಗೆದುಕೊಂಡು ಆ ಪುಟ ನೋಡಿದರು, ಮುಂದಿನದು ನೋಡಿದರು. ತಪ್ಪಾಯಿತು ಎಂದು ತಲೆ ಚಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಕನ್ನಡಿಯ ಮೂಲೆಯ ಆ ಪತ್ರಿಕೆಯ ತುಂಡನ್ನು ತೆಗೆದು ನನ್ನ ಮುಂದಿಟ್ಟರು.

"ಯಾರೂ ಓದಿಲ್ಲ ಕಣೇ," ಅಂದರು.

ನನಗೆ ಅಲ್ಲಿಯತನಕ ಅದು ಹೊಳೆದೇ ಇರಲಿಲ್ಲ. ಎಷ್ಟು ಜನ ಹೊಗಳಿದರು, ಒಬ್ಬರಾದರೂ ಮಧ್ಯ ಏನೋ ತಪ್ಪಿದೆಯಲ್ಲ ಅನ್ನಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ವಿಮರ್ಶೆಯವನು ಹಿಂದಿನ ರಕ್ಷಾಪುಟ ನೋಡಿ ಬರೆದಿದ್ದಾನೆ, ನಾಚಿಕೆಗೆಟ್ಟವನು. ಅವನ ಮಾತು ಹಾಳಾಗಲಿ. ಇವರು ಒಂದೇ ಒಂದು ಹೆಸರನ್ನು ಮಾತ್ರ ಬಾಯಿಗೆ ತರಲಿಲ್ಲ. ಕೂತಲ್ಲೇ ಮುಗಿಸಿದ ಅಣ್ಣನ ಹೆಸರು.

ಆಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು. ಬೆಳಗ್ಗೆ ಎದ್ದು ಕಿಟಕಿಯ ಹತ್ತಿರ ಕೂತರೆ ಕೂತರು. ಗಡ್ಡ ಬೆಳೆಯಿತು. ಕರೆದರೆ ಊಟಕ್ಕೆ ಬರುವರು, ಇಲ್ಲವಾದರೆ ಇಲ್ಲ. ಪೆನ್ನು ಮುಟ್ಟಲಿಲ್ಲ. ನಾನು ಬೈದೆ, ಅತ್ತೆ, ಅಂಗಲಾಚಿದೆ. ಹಸ್ತಪ್ರತಿಯಿಂದ ಆ ಭಾಗವನ್ನು ಜೆರಾಕ್ಸ್ ಮಾಡಿಸಿ ನಾನೇ ಪ್ರತಿಯೊಂದಕ್ಕೂ ಅಂಟಿಸುತ್ತೇನೆ, ಗೋಂದು ಹಚ್ಚುವುದು ನನಗೆ ಬಾರದೇ ಎಂದೆ. ಯಾರಿಗೆ ಎಂದು ಕೇಳಿದರು. ಜೀವಮಾನ ಪೂರ್ತಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದೆ ಅಂದರು ಒಂದು ದಿನ, ಬೇರೆ ಯಾರದೋ ವಿಷಯ ಹೇಳುವ ಹಾಗೆ. ನನಗೆ ಭಯವಾಯಿತು. ಅಡುಗೆಮನೆಯಲ್ಲಿದ್ದರೂ ಕಿವಿ ಅವರ ಕಡೆಗೇ ಇರುತ್ತಿತ್ತು, ಉಸಿರಾಡುವ ಸದ್ದು ಕೇಳಿದರೆ ಸಮಾಧಾನ.

ಕೊನೆಗೆ ಅವರೇ ಹೋಗಿ ರದ್ದಿಯವನಿಗೆ ಹೇಳಿ ಬಂದರು. ಭಾನುವಾರ ಬರುತ್ತೇನೆ ಅಂದನಂತೆ. ಭಾನುವಾರ ಬೆಳಗ್ಗೆ ಕಟ್ಟುಗಳನ್ನು ಒಂದೊಂದಾಗಿ ಮಂಚದ ಕೆಳಗಿನಿಂದ ಎಳೆದು ಹೊಸ್ತಿಲ ಹತ್ತಿರ ಒಟ್ಟಿದರು. ನಾನು ಸಹಾಯ ಮಾಡಲಿಲ್ಲ. ಹೆಣ ಎತ್ತುವುದಕ್ಕೆ ಕರೆದರೆ ಬರುತ್ತೇನೆ, ಬದುಕಿರುವುದನ್ನು ಎತ್ತುವುದಕ್ಕೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ರದ್ದಿಯವನೇ ಇರಬೇಕೆಂದು ನಾನು ಏಳಲಿಲ್ಲ. ಇವರೇ ತೆಗೆದರು. ಗಟ್ಟಿಮುಟ್ಟಾದ ಒಬ್ಬ ಹೆಂಗಸು, ನಡುವಯಸ್ಸು, ಬಿಸಿಲಿಗೆ ಕಂದಿದ ಮುಖ. ಕೈಯಲ್ಲಿ ಇವರ ಪುಸ್ತಕ. ಒಳಪುಟದಲ್ಲಿ ಹಾಕಿಸಿದ್ದ ವಿಳಾಸ ಹಿಡಿದು ಹುಡುಕಿಕೊಂಡು ಬಂದಿದ್ದಳು. ಇದನ್ನು ಬರೆದವರು ನೀವೇನಾ ಎಂದು ಕೇಳಿದ ಧಾಟಿ ನೋಡಿದರೆ ಜಗಳಕ್ಕೇ ಬಂದ ಹಾಗಿತ್ತು. ಇವರು ತಲೆಯಾಡಿಸಿದರು.

"ಏನ್ರೀ ಇದು ಮೋಸ? ಹುಡುಗೀನ ಬಾವಿಗೆ ಇಳಿಸಿಬಿಟ್ಟು ಮಧ್ಯದಲ್ಲೇ ಪುಟ ನುಂಗಿಹಾಕಿದ್ದೀರಲ್ಲ! ಕೆಳಗೆ ಏನಾಯ್ತು ಅಂತ ನಾನು ಯಾರನ್ನ ಕೇಳಲಿ?"

ಇವರು ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು. ಅವಳು ಬಿಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಅಂತೆ. ಅವಳ ತಾಯಿಗೆ ಕಣ್ಣು ಕಾಣಿಸುವುದಿಲ್ಲ, ದಿನಾ ಸಂಜೆ ಓದಿ ಹೇಳುತ್ತಾಳಂತೆ. ಆ ಪುಟಕ್ಕೆ ಬಂದ ಮೇಲೆ ಮುದುಕಿ ಕೆಳಗೆ ಏನಾಯಿತೇ, ಕೆಳಗೆ ಏನಾಯಿತೇ ಎಂದು ಪ್ರಾಣ ತಿನ್ನುತ್ತಿದ್ದಾಳಂತೆ. ನಾನೇ ಏನೋ ಕಟ್ಟಿ ಹೇಳಿದೆ, ನಂಬಲಿಲ್ಲ, ಅದಕ್ಕೇ ರಜೆಯ ದಿನ ನೋಡಿಕೊಂಡು ಬಂದೆ ಅಂದಳು.

ಪುಸ್ತಕ ಎಲ್ಲಿ ಸಿಕ್ಕಿತು ಎಂದು ನಾನು ಕೇಳಿದೆ. ಕೇಳಬಾರದಿತ್ತು. ಯಾರೋ ಸೀಟಿನ ಮೇಲೆ ಬಿಟ್ಟು ಇಳಿದುಹೋಗಿದ್ದರು, ಹುಡುಕಿಕೊಂಡು ಬರಬಹುದೆಂದು ಬಹಳ ದಿನ ಇಟ್ಟುಕೊಂಡಿದ್ದೆ, ಯಾರೂ ಬರಲಿಲ್ಲ ಎಂದು ಅವಳು ಮೊದಲ ಪುಟ ತೆರೆದು ತೋರಿಸಿದಳು. ಅಲ್ಲಿ ಇವರ ನಡುಗುವ ಅಕ್ಷರ ಇತ್ತು. ಅಣ್ಣನಿಗೆ, ಮೊದಲ ಪ್ರತಿ.

ಇವರು ಅದನ್ನು ನೋಡಿದರು. ನಾನು ಇವರ ಮುಖ ನೋಡಿದೆ. ಆಮೇಲೆ ಇವರು ಆ ಪುಟವನ್ನು ಮೆಲ್ಲಗೆ ಮಗುಚಿದರು.

"ಎಲ್ಲೀತನಕ ಓದಿದ್ರಿ, ತಾಯಿ?"

"ಹಗ್ಗ ಮುಗೀತು. ಅವಳು ಕೈ ಬಿಟ್ಟಳು. ಅಲ್ಲೀತನಕ."

ಇವರು ಹೇಳಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ತಿಂಗಳುಗಟ್ಟಲೆ ಕತೆ ಹೇಳದ ಬಾಯಿ. ಕಂಡಕ್ಟರಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಕೇಳಿ ತಲೆ ತುಂಬಿಸಿಕೊಂಡಿದ್ದು ಇನ್ಯಾವಾಗ ಉಪಯೋಗಕ್ಕೆ ಬರಬೇಕು? ನಾನೇ ಶುರುಮಾಡಿದೆ. ಬಾವಿಯ ತಳದಲ್ಲಿ ನೀರು ಇರಲಿಲ್ಲ, ಒಂದು ಮನೆ ಇತ್ತು, ಆ ಮನೆಯ ಬಾಗಿಲಲ್ಲಿ ಒಬ್ಬಳು ಮುದುಕಿ ಕೂತಿದ್ದಳು...

"ಹಾಗಲ್ಲ ಕಣೇ!" ಇವರು ಗದರಿದರು. "ಮುದುಕಿ ಆಮೇಲೆ ಬರ್ತಾಳೆ. ಎಷ್ಟು ಸಲ ಹೇಳಿದ್ದೀನಿ ನಿನಗೆ? ಮೊದಲು ದನಿ."

ಗಂಟಲು ಸರಿಮಾಡಿಕೊಂಡು ಅವಳ ಕಡೆ ತಿರುಗಿದರು.

"ಅವಳು ಬೀಳ್ತಾ ಇರ್ತಾಳೆ, ಕತ್ತಲು. ಕೆಳಗಿನಿಂದ ಯಾರೋ ಕೇಳ್ತಾರೆ, ಎಷ್ಟು ಕಾಲದಿಂದ ಕಾಯ್ತಿದ್ದೀನಿ, ಈಗ ಬಂದೆಯಾ ಅಂತ."

ಕಂಡಕ್ಟರಮ್ಮ ಹೊಸ್ತಿಲಲ್ಲಿದ್ದ ಪುಸ್ತಕದ ಕಟ್ಟಿನ ಮೇಲೆ ಕೂತಳು. ಬೀದಿಯ ತಿರುವಿನಲ್ಲಿ ರದ್ದಿಯವನ ಗಾಡಿಯ ಗಂಟೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಅವನನ್ನು ಅಲ್ಲೇ ತಡೆಯಲು ಹೊರಟೆ.